ಮೀನು ನೋಡಿ ಹುಳಿ

ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಮೂಡಲಿಗೆ ಸುಮಾರು 30 ಕಿಲೊಮೀಟರ್ ಹೋದರೆ, ಘಟ್ಟದ ಬುಡದಲ್ಲಿ, ಗೇರುಸೊಪ್ಪ ಸಿಕ್ಕುತ್ತದೆ. ಆ ಊರಿನ ಕಡೆಯ ಒಂದು ಮನೆಯಲ್ಲಿ ಕೇಳಿದ ಎರಡು ಮಾತುಗಳಿಂದ ಈ ಬರಹವನ್ನು ಮೊದಲುಮಾಡುತ್ತೇನೆ. ಮದುವೆಯಾಗಿ ಹೊಸದಾಗಿ ಬಂದ ಸೊಸೆ ಒಲೆಯ ಮೇಲೆ ಸಾರಿಟ್ಟು, "ಹುಳಿ ಎಷ್ಟ್ ಹಾಕೂದು, ಅತ್ತೆ?" ಎಂದು ಒಳಗಿನಿಂದ ಕೇಳಿದಳು. ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅತ್ತೆ ಕೈಗೆಲಸ ಬಿಡದೆ, "ಮೀನ್ ನೋಡ್ಕಂಡ್ ಹಾಕು, ಮಗಾ" ಎಂದರು. ಸೊಸೆಗೆ ಅದು ಉತ್ತರವೆಂದು ತೋರಲಿಲ್ಲ. ಅಲ್ಲೇ ಕುಳಿತಿದ್ದ ನನಗೂ ತೋರಲಿಲ್ಲ. ಅಳತೆ ಕೇಳಿದರೆ ಒಗಟು ಹೇಳಿದರಲ್ಲ ಎನ್ನಿಸಿತು. ಆಮೇಲೆ ಬಹಳ ಕಾಲ ಕನ್ನಡದ ಪಾಕಪುಸ್ತಕಗಳನ್ನೂ ಪತ್ರಿಕೆಗಳ ಅಡುಗೆಯ ಅಂಕಣಗಳನ್ನೂ ಓದುತ್ತ ಬಂದ ಮೇಲೆ, ಅತ್ತೆ ಹೇಳಿದ್ದು ಶಾಸ್ತ್ರದ ಒಂದು ಸೂತ್ರವೆಂದು ಮನವರಿಕೆಯಾಗಿದೆ. ಅಚ್ಚಿನಲ್ಲಿ ನಾನು ಕಂಡ ಮೀನು ಸಾರಿನ ವಿಧಿಗಳು ಬಹುಮಟ್ಟಿಗೆ ಆ ಸೂತ್ರವನ್ನೇ ಕೈಬಿಟ್ಟು ಬರೆದವು. ಹೀಗೇಕಾಯಿತು, ಇದರಿಂದ ನಾವು ಕಳೆದುಕೊಂಡದ್ದೇನು ಎಂದು ವಿಚಾರಿಸುವುದು ಇಲ್ಲಿಯ ಉದ್ದೇಶ.

ಸಾಹಿತ್ಯದ ಪುಟದಲ್ಲಿ ಮೀನು ಸಾರಿಗೇನು ಕೆಲಸವೆಂದು ಕೆಲವರು ಮೂಗು ಮುರಿದಾರು. ಆದರೆ ಅಡುಗೆಯನ್ನು ಶಾಸ್ತ್ರವೆಂದೂ ಪದ್ಯಕ್ಕೆ ತಕ್ಕ ವಸ್ತುವೆಂದೂ ಒಪ್ಪಿಕೊಂಡವರು ನಮ್ಮ ಹಿರಿಯರೇ. 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಮಳೆ, ನೀರು, ಗಿಡಮರ, ವೈದ್ಯ ಇವುಗಳ ಜೊತೆಗೆ ಅಡುಗೆಗೂ ಒಂದು ಅಧ್ಯಾಯವಿದೆ. 'ಸಮ್ಯಕ್ತ್ವಕೌಮುದಿ'ಯ ಕವಿ ಮೂರನೆಯ ಮಂಗರಸ 16ನೆಯ ಶತಮಾನದ ಮೊದಲ ಭಾಗದಲ್ಲಿ ಅಡುಗೆಗೆಂದೇ 'ಸೂಪಶಾಸ್ತ್ರ' ಎಂಬ ಗ್ರಂಥವನ್ನು ಷಟ್ಪದಿಯಲ್ಲಿ ಕಟ್ಟಿದ. ಬದನೆಕಾಯಿಯನ್ನು ಛಂದಸ್ಸಿಗೆ ಒಗ್ಗಿಸಿದ ಭಾಷೆ ನಮ್ಮದು. ಹಾಗಿದ್ದ ಮೇಲೆ ಒಂದು ಪಾಕವಿಧಿಯನ್ನು ಗದ್ಯವೆಂದು ಬಗೆದು ಅದರ ಗುಣದೋಷಗಳನ್ನು ತೂಗಿ ನೋಡುವುದರಲ್ಲಿ ಅನುಚಿತವೇನೂ ಇಲ್ಲ.

ಆದರೆ ಈ ಎರಡು ಗ್ರಂಥಗಳಲ್ಲಿಯೂ ಮೀನಿಲ್ಲ. ಎರಡೂ ಶಾಕಾಹಾರದ ಅಡುಗೆಯನ್ನಷ್ಟೇ ಹೇಳುತ್ತವೆ, ಮಂಗರಸನಂತೂ ಜೈನ. ತನ್ನ ಮನೆಯಲ್ಲಿ ಬೇಯದುದನ್ನು ಅವನು ಬರೆಯಲಿಲ್ಲವೆಂದು ಆಕ್ಷೇಪಿಸುವುದು ಸಲ್ಲದು. ಅದರ ಪರಿಣಾಮವನ್ನು ಮಾತ್ರ ಗಮನಿಸಬೇಕು. ಕನ್ನಡದಲ್ಲಿ ಅಡುಗೆಯ ಶಾಸ್ತ್ರಭಾಷೆ ಹುಟ್ಟಿ ಬೆಳೆದದ್ದು ಮೀನಿಲ್ಲದ ಅಡುಗೆಮನೆಗಳಲ್ಲಿ. ಮೀನಿನ ಮಾತು ಬೇಕೆಂದರೆ ಸಂಸ್ಕೃತಕ್ಕೆ ಹೋಗಬೇಕು: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೀನು ಹಿಡಿಯುವ ವಿನೋದಕ್ಕೇ ಒಂದು ಪ್ರಕರಣವಿದೆ, ಅಲ್ಲಿ ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಪೊರೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು ಎಂಬ ವಿಂಗಡಣೆಯಿದೆ. ಅನ್ನಭೋಗದ ಭಾಗದಲ್ಲಿ ಮೀನನ್ನು ತುಂಡುಮಾಡಿ ತೊಳೆದು ಹುಣಸೆಯ ರಸದೊಡನೆ ಬೇಯಿಸುವ ಕ್ರಮವೂ ಬರುತ್ತದೆ. ಕನ್ನಡ ನಾಡಿನ ಅರಸ, ಕನ್ನಡ ನಾಡಿನ ಮೀನು. ಭಾಷೆ ಮಾತ್ರ ಮೀನು ಹೆಚ್ಚುವವರದಲ್ಲ. ಆದರೂ ಅವನಲ್ಲಿ ಮೆಚ್ಚಬೇಕಾದ ಒಂದು ಗುಣವಿದೆ. ಅವನು ಮಸಾಲೆಯಿಂದ ಪ್ರಾರಂಭಿಸುವುದಿಲ್ಲ. ಮೀನು ಯಾವುದೆಂದು ಮೊದಲು ಕೇಳುತ್ತಾನೆ. ಗೇರುಸೊಪ್ಪದ ಅತ್ತೆಗೂ ಕಲ್ಯಾಣದ ದೊರೆಗೂ ಇಷ್ಟರಮಟ್ಟಿಗೆ ಒಮ್ಮತವುಂಟು.

ಇನ್ನೊಂದು ಸಾಕ್ಷ್ಯ ಹೊನ್ನಾವರದ್ದೇ. 14ನೆಯ ಶತಮಾನದ ನಾಲ್ಕನೆಯ ದಶಕ ಕಳೆದ ಸುಮಾರಿಗೆ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ಅವನ ಪುಸ್ತಕದಲ್ಲಿ ಆ ಊರಿನ ಹೆಸರು 'ಹಿನೌರ್'. ಅಲ್ಲಿನ ಸುಲ್ತಾನನ ಮನೆಯ ಊಟವನ್ನು ಅವನು ಬಡಿಸಿದ ಕ್ರಮದಲ್ಲಿಯೇ ಹೇಳುತ್ತಾನೆ: ತಾಮ್ರದ ತಟ್ಟೆ, ಅದಕ್ಕೆ ಸೌಟಿನಿಂದ ಅನ್ನ, ಮೇಲೆ ತುಪ್ಪ, ನಂಜಿಕೊಳ್ಳಲು ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು, ಆಮೇಲೆ ಕೋಳಿ, ಅದರ ಮೇಲೆ ಬಗೆಬಗೆಯ ಮೀನು, ಕೊನೆಗೆ ಮೊಸರು. ಅನ್ನದ ಹೊರತು ಬೇರೆ ಗೊತ್ತಿಲ್ಲದ ಆ ಜನರ ನಡುವೆ ತಿಂಗಳುಗಟ್ಟಲೆ ರೊಟ್ಟಿಯಿಲ್ಲದೆ ಕಳೆದೆನೆಂದು ಅವನು ನೆನೆಯುತ್ತಾನೆ. ಅಲ್ಲಿನ ಊಟ ಇಂದಿಗೂ ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ ಸಾಗುತ್ತದೆಂದು ಬಲ್ಲವರಿಗೆ ಈ ವಿವರ ಸಂತೋಷ ಕೊಡುತ್ತದೆ. ಆದರೆ ಅವನು ಅತಿಥಿ. ತಟ್ಟೆಗೆ ಬಂದದ್ದನ್ನು ಕಂಡ, ಒಲೆಯನ್ನು ಕಾಣಲಿಲ್ಲ. ಹೀಗೆ ನಮಗೆ ಉಳಿದಿರುವುದು ಮೀನಿಲ್ಲದ ಅಡುಗೆಮನೆಯಿಂದ ಬರೆದ ಶಾಸ್ತ್ರಕಾರರ ಮಾತು ಮತ್ತು ಒಲೆಯಿಲ್ಲದ ಪಡಸಾಲೆಯಿಂದ ಬರೆದ ಪ್ರವಾಸಿಯ ಮಾತು. ಒಲೆಯ ಮುಂದೆ ನಿಂತವರ ಮಾತನ್ನು ಯಾರೂ ಬರೆದಿಡಲಿಲ್ಲ.

ಗೇರುಸೊಪ್ಪದ ಇತಿಹಾಸದಲ್ಲಿ ಈ ವಿಪರ್ಯಾಸ ಎದ್ದು ಕಾಣುತ್ತದೆ. ಅಲ್ಲಿನ ಸಾಳ್ವ ಅರಸರು ಜೈನರು. ನಗರಬಸ್ತಿಕೇರಿಯ ಚತುರ್ಮುಖ ಬಸದಿ ಇಂದಿಗೂ ಅವರ ನೆನಪಾಗಿ ನಿಂತಿದೆ. 1552ರಿಂದ 1606ರ ವರೆಗೆ ಆಳಿದಳೆಂದು ಹೇಳುವ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ರೈನಾ ದ ಪಿಮೆಂಟಾ', ಕಾಳುಮೆಣಸಿನ ರಾಣಿ, ಎಂದು ಕರೆದರು. ಘಟ್ಟದ ಮೆಣಸು ದೋಣಿಯಲ್ಲಿ ಹೊಳೆಯಿಳಿದು ಹೊನ್ನಾವರಕ್ಕೆ ಹೋಗುತ್ತಿದ್ದ ಕಾಲ ಅದು. ಕೆಳಗಿಳಿದ ದೋಣಿ ಮೇಲೇರುವಾಗ ಬರಿದಾಗಿ ಬಂದಿರಲಾರದು. ಉಪ್ಪೂ ಮೀನೂ ಹತ್ತಿರಬೇಕು. ಅಹಿಂಸೆಯನ್ನು ನೆಚ್ಚಿದ ರಾಣಿಯ ಪಟ್ಟಣದಲ್ಲಿ, ಹೊಳೆಯ ದಂಡೆಯ ಗುಡಿಸಲುಗಳಲ್ಲಿ, ಆಕೆಯ ಮೆಣಸನ್ನೇ ಅರೆದು ಮೀನು ಬೇಯಿಸಿದವರು ಇದ್ದೇ ಇದ್ದರು. ಶಾಸನಗಳಲ್ಲಿ ಬಸದಿಗೆ ಬಿಟ್ಟ ದತ್ತಿಯ ಲೆಕ್ಕ ಸಿಕ್ಕೀತು. ಆ ಗಡಿಗೆಯ ಲೆಕ್ಕ ಸಿಕ್ಕದು.

ಗಡಿಗೆಯ ಚರಿತ್ರೆ ಬೇರೊಂದು ಕಡೆ ಉಳಿದಿದೆ, ಅದು ಮಾತಿನಲ್ಲಿ. ಇಂದು ಹೊನ್ನಾವರ, ಕುಮಟೆ, ಭಟ್ಕಳಗಳ ಅಡುಗೆಮನೆಯಲ್ಲಿ "ಮೆಣಸು ತಾ" ಎಂದರೆ ಬರುವುದು ಕೆಂಪು ಒಣಮೆಣಸು. ಹಳಗನ್ನಡದ 'ಮೆಣಸು' ಕರಿಯದು, ಬಳ್ಳಿಯದು. ಅಮೆರಿಕ ಖಂಡದ ಕಾಯಿ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಈ ಕರಾವಳಿಗೆ ಬಂದಿತು. ಬಂದು, ಇದ್ದವಳ ಹೆಸರನ್ನೇ ತಾನು ತೆಗೆದುಕೊಂಡಿತು. ಹಳೆಯ ಒಡತಿ ಈಗ 'ಕಾಳುಮೆಣಸು' ಎಂದು ವಿಶೇಷಣ ಹೊತ್ತು ತಿರುಗಬೇಕಾಗಿದೆ. ಮೆಣಸಿಗಾಗಿ ಕಾದಾಡಿದವರೇ ಮೆಣಸನ್ನು ಪದಚ್ಯುತಗೊಳಿಸುವ ಕಾಯಿಯನ್ನು ತಂದರು. ಆದರೆ ಗಮನಿಸಿ: ಖಾರ ಬದಲಾದರೂ ಹುಳಿ ಬದಲಾಗಲಿಲ್ಲ. ಹುಣಸೆ, ಮುರುಗಲು, ಉಪ್ಪಾಗೆ, ಅಂಬಟೆ, ಮಾವಿನಕಾಯಿ ಎಲ್ಲವೂ ಇದ್ದ ಜಾಗದಲ್ಲಿಯೇ ಇವೆ. ಕರಾವಳಿಯ ಮೀನು ಸಾರಿನ ಬೆನ್ನೆಲುಬು ಹುಳಿ; ಖಾರ ಅದರ ಮೈಬಣ್ಣ. ಇದನ್ನು ತಿಳಿಯದವರು ಅದಕ್ಕೆ 'ಮಸಾಲೆ ಮೀನು ಸಾರು' ಎಂದು ತಲೆಬರಹ ಕೊಡುತ್ತಾರೆ.

ಈಗ ಅಚ್ಚಿನ ಪಾಕವಿಧಿಗೆ ಬರೋಣ. ಯಾವ ಪುಸ್ತಕವನ್ನು ತೆರೆದರೂ ಅದರ ಆಕಾರ ಒಂದೇ. ಮೇಲೆ ಒಂದು ಪಟ್ಟಿ: ಮೀನು ಅರ್ಧ ಕಿಲೊ, ತೆಂಗಿನ ತುರಿ ಒಂದು ಬಟ್ಟಲು, ಬ್ಯಾಡಗಿ ಮೆಣಸು ಹತ್ತು, ಕೊತ್ತಂಬರಿ ಬೀಜ ಒಂದು ಚಮಚ, ಹುಣಸೆ ನಿಂಬೆಗಾತ್ರ, ಅರಿಶಿನ ಚಿಟಿಕೆ, ರುಚಿಗೆ ತಕ್ಕಷ್ಟು ಉಪ್ಪು. ಕೆಳಗೆ ಆಜ್ಞೆಗಳ ಸಾಲು: ಹುರಿಯಿರಿ, ಅರೆಯಿರಿ, ಕುದಿಸಿರಿ, ಮೀನು ಹಾಕಿರಿ, ಹತ್ತು ನಿಮಿಷ ಬೇಯಿಸಿರಿ, ಬಿಸಿಯಾಗಿ ಬಡಿಸಿರಿ. ಈ ಗದ್ಯದಲ್ಲಿ ಸ್ಪಷ್ಟತೆಯಿದೆ, ಒಪ್ಪಬೇಕು. ಊರು ಬಿಟ್ಟು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಒಂಟಿಯಾಗಿ ಒಲೆ ಹೊತ್ತಿಸಿದವರಿಗೆ ಇದು ಎಷ್ಟು ದೊಡ್ಡ ಆಸರೆಯೆಂಬುದನ್ನು ಅಲ್ಲಗಳೆಯುವವನು ನಾನಲ್ಲ. ಕೇಳಲು ಅತ್ತೆಯಿಲ್ಲದ ಕಡೆ ಪುಸ್ತಕವೇ ಅತ್ತೆ.

ದೋಷ ಇರುವುದು ಬೇರೆ ಕಡೆ. 'ಮೀನು ಅರ್ಧ ಕಿಲೊ' ಎಂದರೆ ಯಾವ ಮೀನು? ಬಂಗಡೆಯೆ, ತಾರ್ಲೆಯೆ, ಕಾಣೆಯೆ, ಹೊಳೆಮೀನೆ? ಎಣ್ಣೆ ತುಂಬಿದ ತಾರ್ಲೆಗೂ ಮೆದುವಾದ ಕಾಣೆಗೂ ಒಂದೇ ಹುಳಿ, ಒಂದೇ ಹತ್ತು ನಿಮಿಷ ಎಂದರೆ, ಕಾಣೆ ಕರಗಿ ಸಾರಿನಲ್ಲಿ ಮುಳ್ಳು ಮಾತ್ರ ಉಳಿದೀತು. 'ಹುಣಸೆ ನಿಂಬೆಗಾತ್ರ' ಎಂಬಲ್ಲಿ ಹುಣಸೆ ಹೊಸದೋ ಹಳೆಯದೋ? ಹಳೆಯದು ಕಪ್ಪಾಗಿ ಅದರ ರುಚಿಯೇ ಬೇರೆಯಾಗಿರುತ್ತದೆ. 'ಹತ್ತು ನಿಮಿಷ' ಯಾವ ಒಲೆಯ ಮೇಲೆ, ಮಣ್ಣಿನ ಗಡಿಗೆಯಲ್ಲೋ ಅಲ್ಯುಮಿನಿಯಂ ಪಾತ್ರೆಯಲ್ಲೋ? ಮಣ್ಣಿನದಾದರೆ ಇಳಿಸಿದ ಮೇಲೂ ಸಾರು ಕುದಿಯುತ್ತಲೇ ಇರುತ್ತದೆ. ಈ ಇಡೀ ಬರವಣಿಗೆಯಲ್ಲಿ ನಿಜವಾದ ಮಾತು ಒಂದೇ ಒಂದು ಉಳಿದಿದೆ, 'ರುಚಿಗೆ ತಕ್ಕಷ್ಟು ಉಪ್ಪು'. ಬರೆದವರಿಗೆ ಅಲ್ಲೊಂದು ಕಡೆ ಮಾತ್ರ ಅಡುಗೆಯವಳ ನಾಲಗೆಯ ಮೇಲೆ ನಂಬಿಕೆ ಇತ್ತೆಂದು ತೋರುತ್ತದೆ. ಆ 'ತಕ್ಕಷ್ಟು' ಎಂಬ ಮಾತು ಮೀನಿಗೂ ಹುಳಿಗೂ ಹೊತ್ತಿಗೂ ಸಲ್ಲುವುದೆಂಬುದನ್ನು ಮರೆತದ್ದೇ ಅಚ್ಚಿನ ಪಾಕವಿಧಿಯ ಮೂಲದೋಷ. ಅಡುಗೆಯ ಮಾತಿನಲ್ಲಿ 'ಆದರೆ', 'ಇದ್ದರೆ', 'ನೋಡಿಕೊಂಡು' ಎಂಬುವು ಪ್ರಾಣ. ಆಜ್ಞಾರ್ಥಕ ಕ್ರಿಯಾಪದಗಳ ಸಾಲಿನಲ್ಲಿ ಅವು ಉದುರಿಹೋಗುತ್ತವೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪಕ್ಷವಿದೆ. ಅದು ಇನ್ನೂ ಅಪಾಯದ್ದು. ಅಜ್ಜಿಯ ಕೈರುಚಿಯನ್ನು ಬರೆಯಲಾಗದು, ಅದು ಕೈಗುಣ, ಅಳತೆಗೆ ಸಿಕ್ಕದ್ದು ಎಂದು ಕಣ್ಣು ಒದ್ದೆಮಾಡಿಕೊಂಡು ಬರೆಯುವ ಪಕ್ಷ. ಕೇಳುವುದಕ್ಕೆ ಇದು ಗೌರವದ ಮಾತು. ಒಳಹೊಕ್ಕು ನೋಡಿದರೆ ಗೌರವವಿಲ್ಲ. ಬಡಗಿಗೆ ಮರದ ಗುಣ ಗೊತ್ತಿದ್ದರೆ ಅದನ್ನು ವಿದ್ಯೆ ಎನ್ನುತ್ತೇವೆ; ವೈದ್ಯನಿಗೆ ನಾಡಿ ಗೊತ್ತಿದ್ದರೆ ಅದನ್ನು ಶಾಸ್ತ್ರ ಎನ್ನುತ್ತೇವೆ; ಹೆಂಗಸಿಗೆ ಮೀನಿನ ಗುಣ ಗೊತ್ತಿದ್ದರೆ ಅದು ಕೈಗುಣ! ನಲವತ್ತು ವರ್ಷ ನೋಡಿ, ಕೆಡಿಸಿ, ತಿದ್ದಿಕೊಂಡು ಗಳಿಸಿದ ತಿಳಿವಳಿಕೆಯನ್ನು ಬೆರಳ ತುದಿಯ ಪವಾಡವೆಂದು ಹೊಗಳಿ ಕೈತೊಳೆದುಕೊಳ್ಳುವುದು ಸೋಮಾರಿತನ. ಪಾಕಪುಸ್ತಕದವರು ಅತ್ತೆಯ ಮಾತಿನಿಂದ ಷರತ್ತನ್ನು ಕಿತ್ತರು. ಇವರು ಕಾರಣವನ್ನು ಕಿತ್ತರು. ಎರಡೂ ಕಡೆ ಆಕೆಯ ಬುದ್ಧಿಗೆ ಅನ್ಯಾಯವೇ ಆಯಿತು.

'ಮೀನು ನೋಡಿಕೊಂಡು' ಎಂಬುದರಲ್ಲಿ ಕಾರಣಗಳಿವೆ. ಅವನ್ನು ಕೇಳಿದರೆ ಆಕೆ ಹೇಳುತ್ತಾರೆ, ಇಂದಿನ ರಸಾಯನಶಾಸ್ತ್ರವೂ ಹೇಳುತ್ತದೆ. ಕಡಲಿನ ಮೀನಿನ ಮೈಯಲ್ಲಿರುವ ಒಂದು ವಸ್ತು, ಮೀನು ಸತ್ತ ಮೇಲೆ, ಟ್ರೈಮಿಥೈಲಮೀನ್ ಎಂಬ ಆವಿಯಾಗಿ ಮಾರ್ಪಡುತ್ತದೆ. ಮೀನುವಾಸನೆ ಎನ್ನುವುದು ಬಹುಪಾಲು ಅದೇ. ಹುಳಿ ಸೇರಿದರೆ ಅದು ಆವಿಯಾಗದೆ ಸಾರಿನಲ್ಲಿಯೇ ಕಟ್ಟಿಬೀಳುತ್ತದೆ. ಹೊಳೆಮೀನಿನಲ್ಲಿ ಆ ವಸ್ತು ಕಡಿಮೆ. ಅದರ ಕಾಟ ಕೆಸರುವಾಸನೆ. ಸಿಹಿನೀರಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬುದರಿಂದ ಅದು ಬರುತ್ತದೆ. ಮೊದಲ ಮಳೆಗೆ ನೆಲದಿಂದೇಳುವ ವಾಸನೆಯೂ ಇದರದೇ; ನೆಲದಲ್ಲಿ ಹಿತವಾದದ್ದು ಊಟದಲ್ಲಿ ಹಿತವಲ್ಲ. ಹುಳಿಗೆ ಜಿಯೋಸ್ಮಿನ್ ಒಡೆದುಹೋಗುತ್ತದೆ. ಆದ್ದರಿಂದ ಹೊಳೆಮೀನಿಗೆ ಹುಳಿ ಮೊದಲೇ ಬೇಕು: ಉಪ್ಪು, ಅರಿಶಿನ, ಹುಳಿನೀರು ಹಚ್ಚಿ ಕಾಲು ಗಂಟೆ ಬಿಟ್ಟು ತೊಳೆಯಬೇಕು. ಕಡಲಮೀನಿಗೆ ಸಾರಿನಲ್ಲಿ ಬಿದ್ದರೆ ಸಾಕು. ಎರಡಕ್ಕೂ ಹುಳಿಯೇ ಮದ್ದು, ಆದರೆ ರೋಗ ಬೇರೆ, ಕೊಡುವ ಹೊತ್ತು ಬೇರೆ.

'ನೋಡು' ಎಂಬ ಶಬ್ದದಲ್ಲಿ ಇನ್ನೊಂದು ಎಚ್ಚರವೂ ಅಡಗಿದೆ. ಬಂಗಡೆಯನ್ನು ಬಿಸಿಲಲ್ಲಿ ಹೊತ್ತು ಮೀರಿ ಇಟ್ಟರೆ ಅದರ ಮೈಯಲ್ಲಿ ಹಿಸ್ಟಮಿನ್ ಬೆಳೆಯುತ್ತದೆ. ಒಮ್ಮೆ ಬೆಳೆದದ್ದು ಎಷ್ಟು ಕುದಿಸಿದರೂ ಹೋಗದು, ತಿಂದವರಿಗೆ ಮೈ ಕೆಂಪೇರಿ ತುರಿಕೆ, ತಲೆನೋವು ಬರುತ್ತದೆ. ಯಾವ ಮಸಾಲೆಯೂ ಅದನ್ನು ಸರಿಪಡಿಸಲಾರದು. ಬುಟ್ಟಿಯ ಮುಂದೆ ಕುಳಿತು ಕಿವಿರನ್ನು ಎತ್ತಿ ನೋಡಿ, ಕಣ್ಣು ಗುಳಿಬಿದ್ದಿದೆಯೆ ಎಂದು ನೋಡಿ, ಬೇಡವೆಂದು ಎದ್ದು ಬರುವುದೂ ಪಾಕವಿಧಿಯ ಮೊದಲ ವಾಕ್ಯವೇ. ಯಾವ ಪುಸ್ತಕವಾದರೂ 'ಮೀನು ಸರಿಯಿಲ್ಲದಿದ್ದರೆ ಇಂದು ಬೇಳೆಸಾರು ಮಾಡಿರಿ' ಎಂದು ಬರೆದೀತೆ?

ಹಾಗಾದರೆ ಸರಿಯಾದ ಪಾಕವಿಧಿ ಹೇಗಿರಬೇಕು? ಟೀಕಿಸಿದವನು ಒಂದು ಮಾದರಿಯನ್ನಾದರೂ ತೋರಿಸಬೇಕು. ಆ ಮನೆಯಲ್ಲಿ ಕಂಡದ್ದನ್ನು ಆಕೆಯ ಮಾತಿನ ಧಾಟಿಗೆ ಹತ್ತಿರವಾಗಿ ಬರೆದು ನೋಡುತ್ತೇನೆ.

ಬಂಗಡೆಯಾದರೆ, ನಡುಗಾತ್ರದವು ಆರು ಸಾಕು. ತೆಂಗಿನಕಾಯಿ ಅರ್ಧ ಹೋಳು, ಬ್ಯಾಡಗಿ ಮೆಣಸು ಹತ್ತು ಹನ್ನೆರಡು, ಕೊತ್ತಂಬರಿ ಬೀಜ ಒಂದು ಚಮಚ, ಅರಿಶಿನ ಸ್ವಲ್ಪ. ಬ್ಯಾಡಗಿಯದು ಬಣ್ಣ ಹೆಚ್ಚು, ಖಾರ ಕಡಿಮೆ; ಮನೆಯಲ್ಲಿ ಖಾರದ ಮೆಣಸು ಮಾತ್ರ ಇದ್ದರೆ ಅರ್ಧಕ್ಕೆ ಇಳಿಸಬೇಕು. ನುಣ್ಣಗೆ ಅರೆಯಬೇಕು, ತರಿಯಾಗಿ ಉಳಿದರೆ ಸಾರು ನೀರು ಬೇರೆ, ಕಾಯಿ ಬೇರೆಯಾಗುತ್ತದೆ. ಬಂಗಡೆಗೆ ಜುಮ್ಮನಕಾಯಿ ಬೇಕು: ಏಳೆಂಟು ಒಣಕಾಯಿಯ ಕರಿಯ ಬೀಜ ತೆಗೆದು, ಸಿಪ್ಪೆಯನ್ನು ಜಜ್ಜಿ ಹಾಕಬೇಕು, ಮಸಾಲೆಯ ಜೊತೆ ಅರೆಯಬಾರದು. ನಾಲಗೆ ಸ್ವಲ್ಪ ಜುಮ್ಮೆನ್ನಬೇಕು, ಅಷ್ಟೇ. ಹುಳಿಗೆ ಉಪ್ಪಾಗೆಯ ಸಿಪ್ಪೆ ಮೂರು. ಅರೆದದ್ದು, ಉಪ್ಪು, ಹುಳಿ, ನೀರು ಸೇರಿಸಿ ಮೊದಲು ಕುದಿಸಬೇಕು. ಹಸಿವಾಸನೆ ಹೋಗಿ, ಹುಳಿ ಬಿಟ್ಟುಕೊಂಡು, ಸಾರು ತಾನೇ ರುಚಿಯಾದ ಮೇಲೆ ಮೀನು ಇಳಿಸಬೇಕು. ಮೀನು ಬಿದ್ದ ಮೇಲೆ ಸೌಟು ಆಡಿಸಬಾರದು. ಗಡಿಗೆಯ ಕಂಠವನ್ನು ಬಟ್ಟೆಯಲ್ಲಿ ಹಿಡಿದು ಅಲುಗಿಸಬೇಕು. ಮೀನಿನ ಕಣ್ಣು ಬೆಳ್ಳಗಾದರೆ ಬೆಂದಿತು. ಇಳಿಸಿ, ಒಂದು ಚಮಚ ತೆಂಗಿನೆಣ್ಣೆ ಹಸಿಯಾಗಿಯೇ ಬಿಟ್ಟು ಮುಚ್ಚಬೇಕು. ಒಗ್ಗರಣೆ ಬೇಡ. ಒಂದು ಹೊತ್ತು ಕಳೆದು ಉಂಡರೆ ಲೇಸು. ಮರುದಿನಕ್ಕೆ ಇನ್ನೂ ಲೇಸು.

ತಾರ್ಲೆಯಾದರೆ ಸಾರು ದಪ್ಪ, ಹುಳಿ ಒಂದು ಪಾಲು ಹೆಚ್ಚು; ಅದರ ಎಣ್ಣೆಯನ್ನು ಹುಳಿಯೇ ಹಿಡಿಯಬೇಕು. ಕಾಣೆಯಾದರೆ ಜುಮ್ಮನಕಾಯಿ ಬೇಡ, ಉಪ್ಪಾಗೆಯೂ ಬೇಡ; ಮುರುಗಲು ಸಾಕು, ಅಥವಾ ಕಾಲವಾದರೆ ನಾಲ್ಕು ಹೋಳು ಮಾವಿನಕಾಯಿ. ಸಿಗಡಿಯಾದರೆ ಅಂಬಟೆ. ಮೆದುವಾದ ಮೀನಿನ ರುಚಿ ಸಣ್ಣ ದನಿಯದು. ಅದರ ಮುಂದೆ ಮಸಾಲೆ ಕೂಗಬಾರದು.

ಉಪ್ಪಾಗೆಗೂ ಮುರುಗಲಿಗೂ ಇರುವ ಭೇದವನ್ನು ನಾನು ಪುಸ್ತಕಗಳಲ್ಲಿ ಕಾಣಲಿಲ್ಲ. ಆ ಮನೆಯ ಅಟ್ಟದಲ್ಲಿ ಕಂಡೆ. ಎರಡೂ ಒಂದೇ ಕುಲದ ಮರಗಳು. ಮುರುಗಲು ಬೇಸಗೆಯ ಕೊನೆಗೆ ಹಣ್ಣಾಗುತ್ತದೆ, ಸಿಪ್ಪೆ ಬಿಸಿಲಲ್ಲಿ ಒಣಗುತ್ತದೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ, ಆಗ ಬಿಸಿಲೆಲ್ಲಿ? ಬೆಂಕಿಯ ಮೇಲೆ ತಟ್ಟಿ ಕಟ್ಟಿ ಹೊಗೆಯಲ್ಲಿ ಒಣಗಿಸುತ್ತಾರೆ. ಹೊಗೆಯ ಕಂಪು ಅದಕ್ಕೆ ಹತ್ತಿಯೇ ಹತ್ತುತ್ತದೆ. ಬಿಸಿಲಿನ ಹುಳಿ ಒಂದು, ಹೊಗೆಯ ಹುಳಿ ಒಂದು. ಎಣ್ಣೆಯ ಮೀನಿಗೆ ಹೊಗೆಯ ಹುಳಿ ಒಪ್ಪುತ್ತದೆ, ಮೆದುಮೀನಿಗೆ ಬಿಸಿಲಿನ ಹುಳಿ. ಘಟ್ಟದ ಮೇಲಿನ ಕಾಡು, ಕೆಳಗಿನ ಕಡಲು, ನಡುವಿನ ಮಳೆ ಮೂರೂ ಒಂದು ಗಡಿಗೆಯಲ್ಲಿ ಸೇರುವ ಈ ವಿವೇಕವನ್ನು 'ಹುಳಿ ನಿಂಬೆಗಾತ್ರ' ಎಂಬ ಎರಡು ಶಬ್ದಗಳಿಗೆ ಇಳಿಸಿದವರನ್ನು ಏನೆನ್ನೋಣ? ಈಗಂತೂ ಅಂಗಡಿಯಲ್ಲಿ ಮೀನು ಮಸಾಲೆಯ ಪೊಟ್ಟಣ ಸಿಕ್ಕುತ್ತದೆ. ಯಾವ ಮೀನಿಗೂ ಅದೇ ಪುಡಿ. ಪಾಕಪುಸ್ತಕ ಆರಂಭಿಸಿದ ಕೆಲಸವನ್ನು ಪೊಟ್ಟಣ ಮುಗಿಸಿದೆ.

ಇಷ್ಟೆಲ್ಲ ವಾದ ಒಂದು ಸಾರಿಗಾಗಿಯೆ ಎಂದು ಕೇಳಿದರೆ, ಮಾತು ಸಾರಿನಾಚೆಗೂ ಹೋಗುತ್ತದೆ ಎನ್ನಬೇಕಾಗಿದೆ. 'ಮೀನು ನೋಡು' ಎಂಬ ಸೂತ್ರಕ್ಕೆ ನೋಡಲು ಮೀನಿರಬೇಕು, ಬಗೆಬಗೆಯ ಮೀನಿರಬೇಕು. ಗೇರುಸೊಪ್ಪದ ಕೆಳಗೆ ಹೊಳೆ ಕಡಲನ್ನು ಸೇರುವ ತನಕ, ಏರುವ ಉಪ್ಪುನೀರು, ಇಳಿಯುವ ಸಿಹಿನೀರು ಒಂದನ್ನೊಂದು ತೂಗಿಕೊಂಡು ಬದುಕಿದ್ದವು. ಋತುವಿಗೆ ತಕ್ಕಂತೆ ಮೀನು ಬದಲಾಗುತ್ತಿತ್ತು. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದಿತು, ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪದಲ್ಲಿಯೇ 240 ಮೆಗಾವಾಟ್ ಸಾಮರ್ಥ್ಯದ ಇನ್ನೊಂದು ಕಟ್ಟೆ ಎದ್ದಿತು. ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಬೇಸಗೆಯಲ್ಲಿಯೂ ನಿಲ್ಲದೆ ಹರಿಯುವುದರಿಂದ ಅಳಿವೆಯ ಉಪ್ಪು ತಗ್ಗಿಹೋಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಶರಾವತಿಯ ಅಳಿವೆಯನ್ನು, ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯೊಡನೆ ಹೋಲಿಸಿ ನೋಡಿದ್ದಾರೆ. ಕುಮಟೆಯ ಬಳಿ ಅಘನಾಶಿನಿಯಲ್ಲಿ ಮೀನಿನ ಬಗೆಗಳೂ ಬಳಚು ಮೊದಲಾದ ಚಿಪ್ಪುಮೀನುಗಳೂ ಸಮೃದ್ಧ. ಶರಾವತಿಯಲ್ಲಿ ಮೀನಿನ ಬಗೆಗಳು ಕಡಿಮೆ, ಉಪ್ಪುನೀರನ್ನೇ ನಂಬಿದ ಚಿಪ್ಪುಮೀನುಗಳು ಬಹುಮಟ್ಟಿಗೆ ಅಳಿದಿವೆ.

ವಿದ್ಯುತ್ತು ಬೇಡವೆನ್ನುವುದು ಈ ಲೇಖನದ ಮಾತಲ್ಲ. ಅದರ ಬೆಳಕಿನಲ್ಲಿಯೇ ಇದನ್ನು ಬರೆಯುತ್ತಿದ್ದೇನೆ. ಸಾಹಿತ್ಯದವರು ಗಮನಿಸಬೇಕಾದುದು ಬೇರೆ. ಕಟ್ಟೆಯ ಮೇಲ್ಗಡೆ ಮುಳುಗಿದ ಊರುಗಳ ದುಃಖಕ್ಕೆ ನಾ. ಡಿಸೋಜರ 'ದ್ವೀಪ'ದಂಥ ಕೃತಿ ದೊರಕಿತು. ಅದು ಚಲನಚಿತ್ರವೂ ಆಯಿತು. ಮನೆ ಮುಳುಗುವುದು ಕಣ್ಣಿಗೆ ಕಾಣುತ್ತದೆ. ಕಟ್ಟೆಯ ಕೆಳಗೆ ನೀರು ಸಪ್ಪೆಯಾದದ್ದು ಕಣ್ಣಿಗೆ ಕಾಣುವುದಿಲ್ಲ. ಅದು ಮೊದಲು ಗೊತ್ತಾಗುವುದು ಬಲೆ ಹಾಕಿದವನಿಗೆ. ಆಮೇಲೆ ಗಡಿಗೆ ಇಟ್ಟವಳಿಗೆ. ಇಂಥ ಮೀನು ಬಂದರೆ ಇಂಥ ಹುಳಿ ಎಂಬ ಮಾತಿನಲ್ಲಿ, 'ಬಂದರೆ' ಎಂಬುದು ಮೊದಲು ಸಂದೇಹವಾಗುತ್ತದೆ, ಆಮೇಲೆ ನೆನಪಾಗುತ್ತದೆ, ಒಂದು ತಲೆಮಾರು ಕಳೆದರೆ ಅರ್ಥವಾಗದ ನುಡಿಗಟ್ಟಾಗುತ್ತದೆ. ಈ ನಷ್ಟ ವಿಜ್ಞಾನಿಗಳ ವರದಿಗೆ ಬಂದಿದೆ. ನನ್ನ ಓದಿಗೆ ಸಿಕ್ಕಿದ ಮಟ್ಟಿಗೆ, ನಮ್ಮ ಕಥೆ ಕಾದಂಬರಿಗಳಿಗೆ ಇನ್ನೂ ಬಂದಿಲ್ಲ. ಕುವೆಂಪು ಅವರ ಕಾದಂಬರಿಗಳಲ್ಲಿ ಮಲೆನಾಡಿನ ಮಾಂಸದಡುಗೆಯ ಮನೆ ಯಾವ ಸಂಕೋಚವೂ ಇಲ್ಲದೆ ಬಾಗಿಲು ತೆರೆದುಕೊಂಡಿತು. ಹೊಳೆಸಾಲಿನ ಅಡುಗೆಮನೆಗೂ ಅಂಥ ಒಬ್ಬ ಲೇಖಕ, ಅದಕ್ಕಿಂತ ಹೆಚ್ಚಾಗಿ ಅಂಥ ಒಬ್ಬ ಲೇಖಕಿ, ಬೇಕು.

ಅಷ್ಟರವರೆಗೆ ಒಂದು ಸಣ್ಣ ಕೆಲಸ ಎಲ್ಲರಿಂದಲೂ ಆಗಬಹುದು. ಪಾಕವಿಧಿ ಬರೆಯುವವರು ಮೊದಲ ಸಾಲಿನಲ್ಲಿ ಮೀನಿನ ಹೆಸರನ್ನು ಬರೆಯಲಿ, ಅದರ ಊರಿನ ಹೆಸರನ್ನೇ ಬರೆಯಲಿ. ಹುಳಿ ಯಾವುದೆಂದು ಹೇಳಲಿ. ಅದೇ ಏಕೆ ಎಂದೂ ಹೇಳಲಿ. ನಿಮಿಷದ ಲೆಕ್ಕದ ಜೊತೆಗೆ ಗುರುತನ್ನೂ ಕೊಡಲಿ. 'ಸಿಕ್ಕದಿದ್ದರೆ' ಎಂಬ ವಾಕ್ಯವನ್ನು ಮರೆಯದಿರಲಿ. ಬರೆಯುವ ಮೊದಲು ಬಲ್ಲವರನ್ನು ಕೇಳಲಿ. ಅವರು ಅರ್ಧ ಮಾತಿನಲ್ಲಿ ನಿಲ್ಲಿಸಿದರೆ ಇನ್ನೊಮ್ಮೆ ಕೇಳಲಿ.

ಆ ಸೊಸೆ ಮಾಡಿದ್ದೂ ಅದನ್ನೇ. "ನೋಡಿದ್ರೆ ಎಂತ ಕಾಣ್ತದೆ, ಅತ್ತೆ?" ಎಂದು ಆಕೆ ಎರಡನೆಯ ಸಲ ಕೇಳಿದಳು. ಅತ್ತೆ ಅಡಿಕೆಯ ಬುಟ್ಟಿಯನ್ನು ಬದಿಗಿಟ್ಟು ಎದ್ದು ಒಳಗೆ ಹೋದರು. ಬಹಳ ಹೊತ್ತು ಒಳಗಿನಿಂದ ಮಾತು ಕೇಳಿಸುತ್ತಿತ್ತು. ಅಂದಿನ ಸಾರು ಚೆನ್ನಾಗಿತ್ತು.